ಒಂದು ಬೇವು, ಎರಡು ಹಬ್ಬ

ಫೆಬ್ರವರಿ ಕಳೆಯುವಷ್ಟರಲ್ಲಿ ನಮ್ಮ ಹಿತ್ತಲಿನ ಬೇವು ಎಲೆಯೆಲ್ಲ ಉದುರಿಸಿ ಬೋಳಾಗುತ್ತಿತ್ತು. ಗುಡಿಸಿ ಗುಡಿಸಿ ಅಮ್ಮನ ಸೊಂಟ ಬಿದ್ದುಹೋಗುತ್ತಿತ್ತು. ಆಮೇಲೊಂದು ಬೆಳಿಗ್ಗೆ ನೋಡಿದರೆ ಕೊಂಬೆಯ ತುದಿಯಲ್ಲೆಲ್ಲ ತಾಮ್ರದ ಬಣ್ಣದ ಚಿಗುರು. ಅದು ಹಸಿರಿಗೆ ತಿರುಗುತ್ತಲೇ ಗೊಂಚಲು ಗೊಂಚಲು ಹೂ, ಐದೆಸಳಿನ ಪುಟ್ಟ ಬಿಳಿ ಹೂ. ಎಲೆ ಕಹಿ, ತೊಗಟೆ ಕಹಿ, ಹೂವಿನ ವಾಸನೆ ಮಾತ್ರ ಜೇನು.

ಎಪ್ಪತ್ತರ ದಶಕದ ಮಡಿಪಾಕ್ಕಂ ಅದು. ಮದರಾಸಿನ ಮಗ್ಗುಲಲ್ಲಿದ್ದರೂ ಹಳ್ಳಿಯೇ: ಕೆರೆ, ಗದ್ದೆ, ತಾಳೆಮರ. ಮೈಸೂರು ಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದ ಅಪ್ಪ ಸಾಲ ಮಾಡಿ ಒಂದು ಗ್ರೌಂಡ್, ಅಂದರೆ 2400 ಚದರಡಿ, ಕೊಂಡರು. ಮರ ಉಳಿಸಲೆಂದು ಮನೆಯನ್ನೇ ನಾಲ್ಕಡಿ ಮುಂದಕ್ಕೆ ಕಟ್ಟಿಸಿದರು. ಬೀದಿಯಂಚಿನ ಹೊಂಗೆ, ಇಲ್ಲಿಯವರ ಪುಂಗೈ, ಹೂ ಉದುರಿಸಿದರೆ ಮಣ್ಣುದಾರಿಯ ಮೇಲೆ ಪುರಿ ಚೆಲ್ಲಿದ ಹಾಗಿರುತ್ತಿತ್ತು. ನುಗ್ಗೆ ಹೂವಿಗೆ ಜೇನುನೊಣ ಮುತ್ತುತ್ತಿದ್ದವು. ಕೋಗಿಲೆ ಕತ್ತಲಿರುವಾಗಲೇ ಎಬ್ಬಿಸುತ್ತಿತ್ತು.

ಯುಗಾದಿ ಹತ್ತಿರ ಬಂತೆಂದರೆ ಅಮ್ಮ ತನ್ನ ಹಳೆಯ ಕೆಂಪಂಚಿನ ಸೀರೆಯನ್ನು ರಾತ್ರಿಯೇ ಬೇವಿನಡಿ ಹಾಸಿ, ನಾಲ್ಕು ಮೂಲೆಗೂ ಕಲ್ಲಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಸೀರೆ ತುಂಬ ಹೂ. ಕಡ್ಡಿ, ಇರುವೆ ಆರಿಸುವುದು ಮಕ್ಕಳ ಪಾಲಿನ ಕೆಲಸ. ಒಂದು ಹಿಡಿ ನಮ್ಮ ಬೇವು-ಬೆಲ್ಲಕ್ಕೆ; ಉಳಿದದ್ದು ಬಿಸಿಲಲ್ಲಿ ಒಣಗಿ ಪಕ್ಕದ ಮನೆ ಮಾಮಿಯ ಡಬ್ಬಿಗೆ. ತಮಿಳರ ಹೊಸವರ್ಷದ ದಿನ ಅದೇ ಹೂ ತುಪ್ಪದಲ್ಲಿ ಹುರಿದುಕೊಂಡು, ವೇಪ್ಪಂಪೂ ರಸಂ ಆಗಿ, ಬಿಸಿಬಿಸಿಯಾಗಿ ನಮ್ಮ ಮನೆಗೇ ಹಿಂತಿರುಗುತ್ತಿತ್ತು. ಮಾತು ಬೇರೆಯಾಗಿದ್ದ ಎರಡು ಮನೆಗಳನ್ನು ಆ ಮರ ಎಷ್ಟು ಸಲೀಸಾಗಿ ಹತ್ತಿರ ತಂದಿತ್ತು!

ಊರು ಬೆಳೆದದ್ದು ಬೇಡವಿತ್ತು ಎನ್ನಲಾರೆ. ಮಳೆಗಾಲದಲ್ಲಿ ಮೊಣಕಾಲುದ್ದದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿಗೆ ನಡೆಯುತ್ತಿದ್ದ ಅಪ್ಪನನ್ನು ಕಂಡವನು ನಾನು. 2007ರಲ್ಲಿ ಪಕ್ಕದ ವೇಲಚೇರಿಗೆ ರೈಲು ಬಂದಾಗ ಹಿಗ್ಗಿದೆವು. 2011ರಲ್ಲಿ ನಮ್ಮೂರೂ ಚೆನ್ನೈ ಕಾರ್ಪೊರೇಷನ್ನಿಗೆ ಸೇರಿತು. ಅಷ್ಟರಲ್ಲಿ ರಸ್ತೆಗೆಂದು ಹೊಂಗೆ ಹೋಗಿತ್ತು, ಫ್ಲಾಟಿಗೆಂದು ಒಂದೊಂದೇ ಹಿತ್ತಲು ಹೋಗಿತ್ತು. ನಮ್ಮ ಬೇವು ಉರುಳಿದ್ದು 2016ರ ಡಿಸೆಂಬರ್ 12ರಂದು, ವಾರ್ದಾ ಚಂಡಮಾರುತಕ್ಕೆ. ಗಾಳಿಯನ್ನೊಂದೇ ದೂರಿ ಏನು ಬಂತು? ಕೆಸರಾಗುತ್ತದೆಂದು ಬುಡದವರೆಗೂ ಸಿಮೆಂಟ್ ಹಾಕಿಸಿದವರು ನಾವೇ. ಆ ತಪ್ಪು ಇವತ್ತಿಗೂ ಚುಚ್ಚುತ್ತದೆ.

ಈಗ ಅದೇ ಜಾಗದಲ್ಲಿ ಎದ್ದ ಫ್ಲಾಟಿನ ನಾಲ್ಕನೇ ಮಹಡಿಯಲ್ಲಿದ್ದೇವೆ. ಯುಗಾದಿಯ ಹಿಂದಿನ ಸಂಜೆ ಮೈಲಾಪುರದ ಮಾಡಬೀದಿಯಿಂದ ಹೂವಿನ ಪೊಟ್ಟಣ ತರುತ್ತೇನೆ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಬಾಡಿರುತ್ತದೆ. ಮೊಮ್ಮಗಳು ಬೆಲ್ಲ ನೆಕ್ಕಿ ಬೇವು ಪಕ್ಕಕ್ಕಿಡುತ್ತಾಳೆ. ಅವಳನ್ನು ಗದರಲು ಮನಸ್ಸು ಬಾರದು. ಅವಳ ಪಾಲಿಗೆ ಬೇವೆಂದರೆ ಬರೀ ಕಹಿ. ಆ ಪರಿಮಳದಡಿ ನಿಲ್ಲುವ ಭಾಗ್ಯ ನಾವು ಅವಳಿಗೆ ಉಳಿಸಲಿಲ್ಲ.

ಮೊನ್ನೆ ಬೆಳಿಗ್ಗೆ ಅಮ್ಮ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದಳು. ಎಂಬತ್ತೈದು ದಾಟಿದ ಮೇಲೆ ಅವಳಿಗೆ ಇಂದು ನಿನ್ನೆಗಳು ಕಲಸಿಹೋಗಿವೆ.

“ಬೇವು ಹೂ ಬಿಟ್ಟಿತೇನೋ?” ಅಂದಳು. ಕೈಯಲ್ಲಿ ನಾಲ್ಕು ಮಡಿಕೆಯಾಗಿ ಮಡಚಿದ ಒಂದು ಹಳೆಯ ಸೀರೆಯಿತ್ತು.