ಅರಿಸಮಾಸದ ಊರಿನವರು

ನಾವಿಬ್ಬರೂ ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದವರು. ನಮ್ಮ ಕಡೆ ಬಸ್ಸಿನ ಬೋರ್ಡುಗಳೇ ವ್ಯಾಕರಣದ ಪಾಠ. ಹುಣಸೆಗೆ ಊರು ಸೇರಿ ಹುಣಸೂರು. ನಡುವಿನ 'ಎ' ಬಿದ್ದುಹೋಗಿ ಲೋಪಸಂಧಿ. ಹಳಗನ್ನಡದ 'ಪಿರಿಯ' ನಮ್ಮ ಬಾಯಲ್ಲಿ 'ಹಿರಿಯ' ಆಯ್ತು, ಪಿರಿಯಾಪಟ್ಟಣದಲ್ಲಿ ಮಾತ್ರ ಹಳೇ 'ಪ' ಉಳಿದಿದೆ.

ತಕರಾರು ಇರೋದು ನಮ್ಮೂರಿನ ಹೆಸರಲ್ಲೇ. 'ಹೊಸ' ಕನ್ನಡ, 'ಅಗ್ರಹಾರ' ಸಂಸ್ಕೃತ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಇಂಥ ಬೆರಕೆಯನ್ನು ಅರಿಸಮಾಸ ಅಂತ ಕರೆದು ದೋಷಕ್ಕೆ ಸೇರಿಸಿದ. ಅರಿ ಅಂದ್ರೆ ಶತ್ರು. ಆದರೂ ಊರು ಆ ಹೆಸರಲ್ಲೇ ನೆಮ್ಮದಿಯಾಗಿದೆ.

ಫೈನಲ್ ಇಯರಲ್ಲಿ ನಾವು ಗದ್ದೆಗೆ ತಾನೇ ನೀರು ಬಿಡೋ ಯಂತ್ರ ಮಾಡಿದೆವು. ರಿಪೋರ್ಟಲ್ಲಿ ಅದು 'ಆಟೋಮೇಟೆಡ್ ಇರಿಗೇಷನ್ ಕಂಟ್ರೋಲರ್'. ಊರಿಗೆ ಹೋದಾಗ ಅಜ್ಜ "ಏನ್ರಪ್ಪಾ ಮಾಡಿದ್ದು?" ಅಂದ್ರು. ಐದು ನಿಮಿಷ ತೊದಲಿದೆವು. ಪೂರ್ತಿ ಕೇಳಿ, "ಅಂಗನ್ನಿ, ಕರೆಂಟ್ ನೀರುಗಂಟಿ!" ಅಂದ್ರು. ಕಾಲುವೆ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಹಂಚುವವನೇ ನೀರುಗಂಟಿ.

ನಾಚಿಕೆ ಆಯ್ತು. ನಾಲ್ಕು ವರ್ಷ ಓದಿದ್ದನ್ನ ಮನೆಯವರಿಗೆ ಹೇಳೋಕೆ ಕನ್ನಡದಲ್ಲಿ ಪದ ಇಲ್ಲ ಅಂದ್ಕೊಂಡಿದ್ದೆವು. ಅರ್ಧ ಪದ ಊರಲ್ಲೇ ಇತ್ತು, ಉಳಿದರ್ಧವನ್ನ ಅಜ್ಜ ಇಂಗ್ಲಿಷಿಂದ ತಂದು ಜೋಡಿಸಿಬಿಟ್ರು.

ರಿಪೋರ್ಟಿನ ಮುಖಪುಟದಲ್ಲಿ ಈಗ ಎರಡೂ ಹೆಸರಿವೆ. ಕೇಶಿರಾಜ ಒಪ್ಪಲಿಕ್ಕಿಲ್ಲ. ಆದ್ರೆ ಅರಿಸಮಾಸದ ಊರಲ್ಲಿ ಹುಟ್ಟಿದ ನಮಗೆ ಅದೇನು ಹೊಸದಲ್ಲ.