ಉಲ್ಟಾ ರೂಪಾಯಿ

ರಾತ್ರಿ ಒಂಬತ್ತರ ಮೇಲೆ ಅಪ್ಪನ ಫೋನ್ ಬಂತು. ಅಂಗಡಿ ಬಾಗಿಲು ಹಾಕಿದ ಮೇಲೆ ಅವರು ಫೋನ್ ಮಾಡುವುದು ಅಪರೂಪ.

"ಆ ಉಲ್ಟಾ ರೂಪಾಯಿ ನೆನಪಿದೆಯೇನೋ? ಅದಕ್ಕೆ ಮೂರು ಲಕ್ಷ ಕೊಡ್ತಾರಂತೆ" ಎಂದರು.

ನೆನಪಿಲ್ಲದೆ ಏನು? ಅದನ್ನು ಹುಡುಕಿದವನೇ ನಾನು. ಹೈಸ್ಕೂಲಿನಲ್ಲಿದ್ದಾಗ ಸಂಜೆ ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನು ಹತ್ತು ಹತ್ತರ ಸಾಲು ಮಾಡಿ ಎಣಿಸುವುದು ನನ್ನ ಕೆಲಸವಾಗಿತ್ತು. ಒಂದು ದಿನ ಕೈಗೆ ಬಂದ ತೆನೆ ಚಿತ್ರದ ಸ್ಟೀಲ್ ರೂಪಾಯಿಯೊಂದು ವಿಚಿತ್ರವಾಗಿತ್ತು. ನಮ್ಮ ನಾಣ್ಯಗಳನ್ನು ಸಿಂಹ ನೆಟ್ಟಗಿರುವಂತೆ ಹಿಡಿದು ಪುಸ್ತಕದ ಹಾಳೆಯ ಹಾಗೆ ಪಕ್ಕಕ್ಕೆ ಮಗುಚಿದರೆ ಹಿಂಬದಿಯೂ ನೆಟ್ಟಗೇ ಇರಬೇಕು. ಇದರಲ್ಲಿ ತೆನೆ, ಅಂಕಿ, ಇಸವಿ ಎಲ್ಲ ತಲೆಕೆಳಗು. ಅಪ್ಪ ಅದನ್ನು ಅದೃಷ್ಟದ್ದೆಂದು ಗಲ್ಲದ ಮೂಲೆಯಲ್ಲಿ ಎತ್ತಿಟ್ಟರು. ನನಗೆ ನಾಣ್ಯದ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಈಗ ಯಾರೋ ಗಿರಾಕಿ ಅಪ್ಪನಿಗೆ ವಿಡಿಯೋ ತೋರಿಸಿದ್ದಾರೆ. ಅದರಲ್ಲಿದ್ದ ನಂಬರಿಗೆ ಅಪ್ಪ ಫೋನನ್ನೂ ಮಾಡಿದ್ದಾರೆ. ನಾಣ್ಯವನ್ನು ಅಮೆರಿಕದಲ್ಲಿ ಗ್ರೇಡಿಂಗ್ ಮಾಡಿಸಬೇಕು, ರಿಸರ್ವ್ ಬ್ಯಾಂಕಿನ ಅನುಮತಿಗೆ ಆರು ಸಾವಿರ ಮುಂಗಡ ಕಟ್ಟಬೇಕು ಎಂದಿತಂತೆ ಆ ಕಡೆಯ ದನಿ.

"ಕಟ್ಟಿಬಿಟ್ರಾ?"

"ಇಲ್ಲ, ನಿನ್ನ ಕೇಳಿ ಕಟ್ಟೋಣ ಅಂತ."

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ.

ಗ್ರೇಡಿಂಗ್ ಎಂಬುದು ಸುಳ್ಳಲ್ಲ. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಶುರುವಾದವು. ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ, 1ರಿಂದ 70ರವರೆಗಿನ ಅಳತೆಯಲ್ಲಿ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತವೆ. 60 ಮತ್ತು ಅದರ ಮೇಲಿನ ಅಂಕ ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ. ವ್ಯಂಗ್ಯವಿರುವುದೇ ಇಲ್ಲಿ. ಗಲ್ಲದಲ್ಲಿ ಸಿಕ್ಕಿತು ಎಂದರೆ ಅದು ಕೈಯಿಂದ ಕೈಗೆ ಓಡಾಡಿದೆ ಎಂದೇ ಅರ್ಥ. ಅಂಥದ್ದಕ್ಕೆ ಬೆಲೆ ಬರಬೇಕಾದರೆ ಅದು ನಿಜಕ್ಕೂ ಅಪರೂಪದ್ದಾಗಿರಬೇಕು, ಇಲ್ಲವೇ ಟಂಕಸಾಲೆಯಲ್ಲೇ ದೊಡ್ಡದೊಂದು ತಪ್ಪಾಗಿರಬೇಕು. ನಮ್ಮ ರೂಪಾಯಿಯಲ್ಲಿ ತಪ್ಪೇನೋ ಇತ್ತು. ಬಸ್ಸಿನಲ್ಲಿ ಕೂತವನಿಗೆ ಅದೊಂದು ಆಸೆ ನನ್ನನ್ನೂ ಬಿಟ್ಟಿರಲಿಲ್ಲ.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ಕೂತೆವು. ಮೊದಲು ಅಂಚು ನೋಡಿದೆ. ಜಾದೂ ತೋರಿಸುವವರು ಎರಡು ನಾಣ್ಯ ಕೊರೆದು ಒಂದು ಮಾಡುತ್ತಾರೆ. ಅಂಥದ್ದಾದರೆ ಸಣ್ಣ ಬೆಸುಗೆಯ ಗೆರೆ ಕಾಣುತ್ತದೆ. ಇಲ್ಲಿ ಇರಲಿಲ್ಲ. ಕಲ್ಲಿನ ಮೇಲೆ ಬೀಳಿಸಿದರೆ ಸದ್ದು ಸರಿಯಾಗಿತ್ತು, ಅಯಸ್ಕಾಂತಕ್ಕೂ ಅಂಟಿತು. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ 4.8 ಗ್ರಾಂ ತೂಗಿತು. ಹೊಸದರಲ್ಲಿ ಇರಬೇಕಾದದ್ದು 4.85. ಇಸವಿಯ ಕೆಳಗೆ ಹೈದರಾಬಾದ್ ಟಂಕಸಾಲೆಯ ನಕ್ಷತ್ರವಿತ್ತು. ನಾಣ್ಯ ಅಸಲಿ. ಒಂದು ಅಚ್ಚು ತಿರುಗಿ ಕೂತಿದ್ದರಿಂದ ಆದ ತಪ್ಪೂ ಅಸಲಿ.

"ನೋಡಿದ್ಯಾ!" ಎಂದರು ಅಪ್ಪ.

ಆಮೇಲೆ ಟೇಬಲ್ ಲ್ಯಾಂಪ್ ಓರೆ ಮಾಡಿ ಲೆನ್ಸ್ ಹಿಡಿದೆ. ಮೊದಲು ಸವೆಯುವುದು ಎತ್ತರದ ಜಾಗ: ನಡುವಿನ ಸಿಂಹದ ಮುಖ, ತೆನೆಯ ಉಬ್ಬು. ಸಿಂಹದ ಮೂಗು ಚಪ್ಪಟೆಯಾಗಿತ್ತು. ಹೊಸ ನಾಣ್ಯವನ್ನು ಬೆಳಕಿನಲ್ಲಿ ಓಲಾಡಿಸಿದರೆ ಹೊಳಪು ಚಕ್ರದ ಅರದಂತೆ ಸುತ್ತುತ್ತದೆ. ಇದು ಹೊಳೆಯುತ್ತಿತ್ತು, ಆದರೆ ಹೊಳಪು ನಿಂತಲ್ಲೇ ನಿಂತಿತ್ತು. ಮೈತುಂಬ ಕೂದಲಿನಷ್ಟು ಸಣ್ಣ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ.

"ತಿಕ್ಕಿದ್ರಾ ಇದನ್ನ?"

"ಪ್ರತಿ ವರ್ಷ ಲಕ್ಷ್ಮೀಪೂಜೆಗೆ ತೊಳೀತೀವಲ್ಲ. ನಿಮ್ಮಮ್ಮ ಪಾತ್ರೆ ಪುಡಿ ಹಾಕಿ ಫಳಫಳ ಅನ್ನಿಸ್ತಾಳೆ."

ತಿಕ್ಕಿದ ನಾಣ್ಯಕ್ಕೆ ಆ ಸಂಸ್ಥೆಗಳು ಪೂರ್ತಿ ಅಂಕ ಕೊಡುವುದಿಲ್ಲ, ತೊಳೆದದ್ದು ಎಂದು ಚೀಟಿಯ ಮೇಲೇ ಬರೆಯುತ್ತವೆ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ತಿರುಗಿದ ಅಚ್ಚಿನ ರೂಪಾಯಿ ನಮ್ಮಲ್ಲಿ ಸಂಗ್ರಾಹಕರ ಕೈಗೆ ಆಗಾಗ ಸಿಗುವಂಥದ್ದೇ. ಒಳ್ಳೆಯ ಸ್ಥಿತಿಯಲ್ಲಿದ್ದರೆ ನನಗೆ ಪರಿಚಯದ ವ್ಯಾಪಾರಿ ಕೆಲವು ನೂರು ಕೊಟ್ಟಾನು. ಗ್ರೇಡಿಂಗಿಗೆ ಶುಲ್ಕ, ಸಾಗಣೆ, ವಿಮೆ ಸೇರಿದರೆ ಖರ್ಚು ಸಾವಿರಗಳಲ್ಲಿ. ಡಬ್ಬಿಯೊಳಗೆ ಹೋದ ಮೇಲೆ ಹೆಚ್ಚುವ ಬೆಲೆ ಆ ಖರ್ಚನ್ನು ದಾಟಿದರೆ ಮಾತ್ರ ಕಳಿಸಬೇಕು. ಇದು ದಾಟುವುದಿಲ್ಲ. ಇನ್ನು ರಿಸರ್ವ್ ಬ್ಯಾಂಕು ಇಂಥ ವ್ಯವಹಾರ ಮಾಡುವುದೂ ಇಲ್ಲ, ಶುಲ್ಕ ಕೇಳುವುದೂ ಇಲ್ಲ. 2021ರ ಆಗಸ್ಟ್‌ನಲ್ಲಿ ಅದೇ ಪ್ರಕಟಣೆ ಹೊರಡಿಸಿ ಜನರನ್ನು ಎಚ್ಚರಿಸಿತ್ತು.

ಅಪ್ಪ ಎಲ್ಲ ಕೇಳಿಸಿಕೊಂಡರು. "ಹಾಗಾದ್ರೆ ಇದು ಒಂದು ರೂಪಾಯೇ ಅನ್ನು."

"ಒಂದು ರೂಪಾಯಿಗಿಂತ ಸ್ವಲ್ಪ ಜಾಸ್ತಿ."

ನಕ್ಕು ಅದನ್ನು ಮತ್ತೆ ಗಲ್ಲದ ಮೂಲೆಗೆ ಹಾಕಿದರು. ಆರು ಸಾವಿರ ಉಳಿಸಿದೆ ಎಂಬ ಹೆಮ್ಮೆಯಲ್ಲಿ ನಾನೂ ನಕ್ಕೆ.

ಸಂಜೆ ಹೊರಡುವಾಗ ಅಮ್ಮ ಬಸ್ ಸ್ಟಾಪಿನವರೆಗೆ ಬಂದಳು. "ಅಂಗಡಿ ಮಾಲೀಕರು ಅಡ್ವಾನ್ಸ್ ಜಾಸ್ತಿ ಮಾಡಿದಾರೆ ಕಣೋ. ಎರಡು ಲಕ್ಷ ಕೇಳ್ತಿದಾರೆ. ನಿಂಗೆ ಹೇಳ್ಬೇಡ ಅಂದಿದ್ರು" ಎಂದಳು.

ಅಂಚು, ಸದ್ದು, ತೂಕ, ಸವೆತ ಎಲ್ಲ ನೋಡಿದ್ದೆ. ಮೂವತ್ತು ವರ್ಷ ವ್ಯಾಪಾರ ಮಾಡಿದ, ಖೋಟಾ ನೋಟನ್ನು ಮುಟ್ಟಿಯೇ ಗುರುತಿಸುವ ಮನುಷ್ಯ ಅಂಥ ಮಾತನ್ನು ಯಾಕೆ ನಂಬಿದರು ಎಂದು ಮಾತ್ರ ಕೇಳಿರಲಿಲ್ಲ.

ಬಸ್ಸು ಬಂತು. ಹತ್ತಲಿಲ್ಲ. ಅಮ್ಮನ ಜೊತೆ ಅಂಗಡಿಯ ಕಡೆ ವಾಪಸು ನಡೆದೆ.