ಎರಡು ವಾಡೆ, ಒಂದು ಕೇರಿ

ಎರಡು ಪಕ್ಷಗಳ ಈ ಆಟವನ್ನು ಎಂದಾದರೂ ಮುರಿಯಲು ಸಾಧ್ಯವೇ? ಯಾದಗಿರಿಯ ವಿಚಾರ ಸಂಕಿರಣಗಳಲ್ಲಿ, ಶಹಾಪುರದ ಚಹಾದಂಗಡಿಗಳಲ್ಲಿ, ಸುರಪುರದ ಹಾಸ್ಟೆಲ್ ಹುಡುಗರ ನಡುವೆ ಈ ಪ್ರಶ್ನೆ ಎದ್ದಾಗಲೆಲ್ಲ ಒಂದೇ ಉತ್ತರ ಬರುತ್ತದೆ: "ಮೂರನೇದು ನಮ್ಮ ಕಡಿ ನಡಿಯಂಗಿಲ್ಲ ಬಿಡಪಾ." ನಾನು ಈ ಉತ್ತರವನ್ನು ಒಪ್ಪುವುದಿಲ್ಲ. ಮೂರನೆಯದು ನಮ್ಮಲ್ಲಿ ನಡೆದಿದೆ. ಒಂದಲ್ಲ, ನಾಲ್ಕಾರು ಸಲ ನಡೆದಿದೆ. ನಡೆದೂ ನಮ್ಮ ಕೇರಿಯ ಒಂದು ಕಲ್ಲು ಅಲುಗಾಡಲಿಲ್ಲ. ಯಾಕೆ ಅಲುಗಾಡಲಿಲ್ಲ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಗೆಳೆಯರೇ, ದಾಖಲೆ ತೆಗೆದು ನೋಡಿ. 1994ರಲ್ಲಿ ಸುರಪುರದಿಂದ ರಾಜಾ ವೆಂಕಟಪ್ಪ ನಾಯಕ ಗೆದ್ದದ್ದು ಬಂಗಾರಪ್ಪನವರು ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ. 2004ರಲ್ಲಿ ಅದೇ ಸುರಪುರದಿಂದ ನರಸಿಂಹ ನಾಯಕ, ಜನ ಕರೆಯುವಂತೆ ರಾಜೂಗೌಡ, ಗೆದ್ದದ್ದು ವಿಜಯ ಸಂಕೇಶ್ವರರ ಕನ್ನಡ ನಾಡು ಪಕ್ಷದಿಂದ. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸೀಟು. 2013ರಲ್ಲಿ ಶಹಾಪುರದಿಂದ ಗುರು ಪಾಟೀಲ ಶಿರವಾಳ ಗೆದ್ದದ್ದು ಯಡಿಯೂರಪ್ಪನವರ ಕೆಜೆಪಿಯಿಂದ. ಪಕ್ಕದ ಗುರುಮಠಕಲ್‌ನಲ್ಲಿ 2018ರಲ್ಲೂ 2023ರಲ್ಲೂ ಗೆದ್ದದ್ದು ಜೆಡಿಎಸ್. ಎರಡೇ ಪಕ್ಷಕ್ಕೆ ಕಟ್ಟುಬಿದ್ದ ನೆಲ ಎಂದು ಇದನ್ನು ಹೇಗೆ ಕರೆಯುತ್ತೀರಿ?

ಆಮೇಲೆ ಏನಾಯಿತು ಅದನ್ನೂ ನೋಡಿ. ಬಂಗಾರಪ್ಪನವರ ಆ ಪಕ್ಷ ಈಗ ಇಲ್ಲ. ವೆಂಕಟಪ್ಪ ನಾಯಕರು 2013ರಲ್ಲಿ, 2023ರಲ್ಲಿ ಗೆದ್ದದ್ದು ಕಾಂಗ್ರೆಸ್ಸಿನಿಂದ. ಕನ್ನಡ ನಾಡು ಪಕ್ಷವೂ ಕರಗಿತು. ರಾಜೂಗೌಡರು 2008ರಲ್ಲಿ, 2018ರಲ್ಲಿ ಗೆದ್ದದ್ದು ಬಿಜೆಪಿಯಿಂದ. ಕೆಜೆಪಿ 2014ರಲ್ಲಿ ಬಿಜೆಪಿಯೊಳಗೆ ಸೇರಿಹೋಯಿತು. ಜೆಡಿಎಸ್ 2023ರ ಸೆಪ್ಟೆಂಬರಿನಲ್ಲಿ ಬಿಜೆಪಿ ಜೊತೆ ಕೈಜೋಡಿಸಿತು. 2024ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ತೀರಿಕೊಂಡರು. ಆ ಮೇ ತಿಂಗಳ ಉಪಚುನಾವಣೆಯಲ್ಲಿ ಎದುರುಬದುರು ನಿಂತವರು ಅವರ ಮಗ ಮತ್ತು ಅದೇ ರಾಜೂಗೌಡರು. ಮಗ ಗೆದ್ದರು.

ಈ ಯಾರನ್ನೂ ನಾನು ಇಲ್ಲಿ ಹಳಿಯುತ್ತಿಲ್ಲ. ಕಾನೂನು ಕೊಟ್ಟ ಹಕ್ಕಿನಂತೆ ಅವರು ನಿಂತರು, ಜನ ಗೆಲ್ಲಿಸಿದರು. ನನ್ನ ಮಾತು ಇಷ್ಟೇ: ಬೋರ್ಡು ಬದಲಾಯಿತು, ಬಾಗಿಲು ಬದಲಾಗಲಿಲ್ಲ. ನಮ್ಮಲ್ಲಿ ಪಕ್ಷಗಳು ಬಾಡಿಗೆದಾರರು. ಮನೆ ಬೇರೆಯವರದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಬಿ.ಎ.ದಲ್ಲಿ ರಾಜ್ಯಶಾಸ್ತ್ರ ಓದಿದೆ. ದ್ವಿಪಕ್ಷ ಪದ್ಧತಿಯ ಗುಣದೋಷಗಳು ಅಂತ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆದೆ. ಗುಣಗಳು ಐದು, ದೋಷಗಳು ಐದು. ಆ ಹತ್ತರಲ್ಲಿ ಒಂದೂ ನಮ್ಮೂರಿಗೆ ಹೊಂದಲಿಲ್ಲ.

ನನ್ನೂರು ಕೃಷ್ಣೆಗೂ ಭೀಮೆಗೂ ನಡುವಿನ ಒಂದು ಹಳ್ಳಿ. ಯಾವ ತಾಲೂಕು ಅಂತ ಬರೆಯುವುದಿಲ್ಲ. ಬರೆದರೆ ಅವ್ವನ ಕೂಲಿಗೆ ಸಂಚಕಾರ. ಊರಲ್ಲಿ ಎರಡು ವಾಡೆಗಳಿವೆ. ಒಂದು ವಾಡೆಯವರು ಒಂದು ಪಕ್ಷ, ಇನ್ನೊಂದು ವಾಡೆಯವರು ಇನ್ನೊಂದು ಪಕ್ಷ. ಅಜ್ಜನ ಕಾಲದಿಂದ ಇಬ್ಬರ ಪಕ್ಷಗಳೂ ಬದಲಾಗಿವೆ. ಒಮ್ಮೊಮ್ಮೆ ಅದಲುಬದಲೂ ಆಗಿವೆ. ಆದರೆ ಎದುರಾಳಿತನ ಬದಲಾಗಿಲ್ಲ. ಕೇರಿಯೂ ಅದರಂತೆ ಎರಡು ಭಾಗ. ಮೇಲಿನ ಓಣಿ ಆ ವಾಡೆಯ ಮಂದಿ, ಕೆಳಗಿನ ಓಣಿ ಈ ವಾಡೆಯ ಮಂದಿ. ಒಂದೇ ಬಾಬಾಸಾಹೇಬರ ಪಟದ ಮುಂದೆ ಎರಡು ಜಯಂತಿ, ಎರಡು ಡಿಜೆ.

ಇದು ವಿಚಾರದ ಪಕ್ಷಪಾತ ಅಲ್ಲ, ಹೊಟ್ಟೆಪಾಡಿನ ಲೆಕ್ಕ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆದವು. ನೀರು ಹೊಲ ಇದ್ದವನ ಹೊಲಕ್ಕೆ ಹೋಯಿತು. ನಮಗೆ ಬಂದದ್ದು ನಾಟಿ ಹಚ್ಚುವ, ಹತ್ತಿ ಬಿಡಿಸುವ ಕೂಲಿ. ಆ ಕೂಲಿ ವಾಡೆಯವರ ಹೊಲದಲ್ಲಿ. ಮದುವೆಗೆ, ದವಾಖಾನೆಗೆ ಮುಂಗಡ ವಾಡೆಯವರ ಕೈಯಲ್ಲಿ. ವಸತಿ ಯೋಜನೆಯ ಮನೆ ಯಾರಿಗೆ ಬರಬೇಕು ಎಂಬ ಪಟ್ಟಿ ಪಂಚಾಯಿತಿಯಲ್ಲಿ ಓದುವುದಕ್ಕಿಂತ ಮೊದಲು ವಾಡೆಯ ಕಟ್ಟೆಯ ಮೇಲೆ ಓದಿ ಆಗಿರುತ್ತದೆ. ಉಳಿದವರು ಗುಳೆ ಹೋಗುತ್ತಾರೆ, ಬೆಂಗಳೂರು, ಪುಣೆ, ಮುಂಬೈ. ಚುನಾವಣೆ ಬಂತೆಂದರೆ ಬೆಂಗಳೂರಿನ ಕಟ್ಟಡದ ಬಲ್ಲಿಗೆ ಕ್ರೂಸರ್ ಗಾಡಿ ಬರುತ್ತದೆ. ಹೋಗುವಾಗ ಊಟ, ಬರುವಾಗ ಖರ್ಚಿಗೆ ರೊಕ್ಕ. ಯಾವ ವಾಡೆಯ ಗಾಡಿ ಹತ್ತಿದಿ ಎಂಬುದೇ ನಿನ್ನ ಪಕ್ಷ.

ನನ್ನ ಮೊದಲ ಓಟಿನ ವರ್ಷ ಅವ್ವನಿಗೆ ಕೇಳಿದೆ, "ಯಾರಿಗಿ ಹಾಕ್ತಿ ಯವ್ವಾ?" ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಯಾರಿಗಿ ಹಾಕಿದ್ರೂ ನಾಳಿಗಿ ಹೊಲಕ್ಕ ಕರಿಯೋರು ಅವರೇ ಅಲ್ಲೇನು ಯಪ್ಪಾ?" ಅಂದಳು. ನಾಲ್ಕು ಪುಟದಲ್ಲಿ ನನಗೆ ಬರೆಯಲಾಗದ್ದು ಅವಳ ಒಂದು ಮಾತಿನಲ್ಲಿತ್ತು.

ಹಾಗಂತ ಲೆಕ್ಕದ ಪದ್ಧತಿಯ ದೋಷ ಇಲ್ಲವೇ? ಇದೆ. ಓದುವ ಹುಡುಗರು ಅದನ್ನೂ ತಿಳಿಯಬೇಕು. ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬನೇ. ಒಂದು ಓಟು ಹೆಚ್ಚಾದವನಿಗೆ ಎಲ್ಲವೂ, ಉಳಿದವರಿಗೆ ಸೊನ್ನೆ. 1989ರಲ್ಲಿ ಜನತಾ ದಳಕ್ಕೆ ರಾಜ್ಯದ ಸುಮಾರು ಶೇಕಡ 27 ಓಟು ಬಿದ್ದವು. 224ರಲ್ಲಿ ಸಿಕ್ಕಿದ್ದು 24 ಸೀಟು. ಕಾಂಗ್ರೆಸ್ಸಿಗೆ ಸುಮಾರು ಶೇಕಡ 44 ಓಟು, 178 ಸೀಟು. 2008ರಲ್ಲಿ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಹೆಚ್ಚು ಓಟು ಬಿದ್ದಿದ್ದವು, ಆದರೂ ಸೀಟು ಬಿಜೆಪಿಗೆ 110, ಕಾಂಗ್ರೆಸ್ಸಿಗೆ 80. ಇಂಥ ಪದ್ಧತಿ ಇರುವಲ್ಲಿ ಜನ ಎರಡೇ ಪಕ್ಷಗಳ ಕಡೆ ಸರಿಯುತ್ತಾರೆ ಎಂದು ಫ್ರಾನ್ಸಿನ ಮಾರಿಸ್ ದುವೆರ್ಜೆ 1951ರಲ್ಲೇ ಬರೆದ. ನಮ್ಮೂರ ಮಂದಿ ದುವೆರ್ಜೆಯನ್ನು ಓದಿಲ್ಲ. "ಗೆಲ್ಲಲಾರದವನಿಗಿ ಹಾಕಿ ಓಟು ಯಾಕ ಹಾಳು ಮಾಡ್ತಿ?" ಎನ್ನುವುದು ಅದೇ ಸಿದ್ಧಾಂತ.

ಕಾನೂನಿನಿಂದ ಇದನ್ನು ಮುರಿದ ದೇಶ ಉಂಟು. ನ್ಯೂಜಿಲೆಂಡಿನಲ್ಲೂ ಎರಡೇ ಪಕ್ಷಗಳು ಸರದಿಯಂತೆ ಆಳುತ್ತಿದ್ದವು. 1993ರಲ್ಲಿ ಜನಮತ ತೆಗೆದುಕೊಂಡು, ಪಕ್ಷಕ್ಕೆ ಬಿದ್ದ ಓಟಿನ ಪ್ರಮಾಣಕ್ಕೆ ಸೀಟು ಹಂಚುವ ಪದ್ಧತಿ ತಂದರು. 1996ರ ಚುನಾವಣೆಯಿಂದ ಅದು ಜಾರಿಗೆ ಬಂತು, ಸಣ್ಣ ಪಕ್ಷಗಳೂ ಒಳಗೆ ಬಂದವು. ನಮ್ಮಲ್ಲಿ ಆ ಕಾನೂನು ಮಾಡಬೇಕಾದವರು ಯಾರು? ಈಗಿನ ಪದ್ಧತಿಯಿಂದಲೇ ಗೆದ್ದು ಕೂತವರು. ಕೊಡಲಿಯ ಕಾವನ್ನು ಮರವೇ ಕೊಟ್ಟೀತೇ?

ಈ ಗಂಟನ್ನು ನಮ್ಮವರಲ್ಲಿ ಎಲ್ಲರಿಗಿಂತ ಮೊದಲು ಕಂಡವರು ಬಾಬಾಸಾಹೇಬರು. ದಲಿತರ ಪ್ರತಿನಿಧಿಯನ್ನು ದಲಿತರೇ ಆರಿಸುವ ಪ್ರತ್ಯೇಕ ಮತಕ್ಷೇತ್ರವನ್ನು ಅವರು ಕೇಳಿದ್ದು ಇದಕ್ಕೇ. 1932ರ ಪೂನಾ ಒಪ್ಪಂದದಲ್ಲಿ ಅದು ಹೋಯಿತು, ಮೀಸಲು ಸೀಟು ಉಳಿಯಿತು. ಸೀಟು ನಮ್ಮದು, ಗೆಲ್ಲಿಸುವ ಓಟು ಊರವರದು. ಅಂದಿನಿಂದ ನಮ್ಮವನು ಗೆಲ್ಲಬೇಕಾದರೆ ಮೊದಲು ದೊಡ್ಡ ಪಕ್ಷದ ಟಿಕೆಟ್ಟು ಗೆಲ್ಲಬೇಕು.

ಆದರೂ 1952ರ ಮೊದಲ ಚುನಾವಣೆಯ ಒಂದು ಸಂಗತಿ ನಾವು ಮರೆಯಬಾರದು. ಆಗ ನಮ್ಮ ಯಾದಗಿರಿ ಹೈದರಾಬಾದ್ ರಾಜ್ಯದಲ್ಲಿತ್ತು. ಕೆಲವು ಕ್ಷೇತ್ರಗಳಿಗೆ ಇಬ್ಬರು ಸದಸ್ಯರು, ಒಂದು ಸೀಟು ಮೀಸಲು, ಮತದಾರನಿಗೆ ಎರಡು ಓಟು. ಅದೇ ರಾಜ್ಯದ ಕರೀಂನಗರದಿಂದ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಎಂ.ಆರ್. ಕೃಷ್ಣ ಲೋಕಸಭೆಗೆ ಗೆದ್ದರು. ಜೊತೆಗೆ ಗೆದ್ದವರು ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟಿನ ಬದ್ದಂ ಯಲ್ಲಾರೆಡ್ಡಿ. ನಮ್ಮ ಗಡಿಯಾಚೆಯ ಸೊಲ್ಲಾಪುರದಿಂದ ಫೆಡರೇಷನ್ನಿನ ಪಿ.ಎನ್. ರಾಜಭೋಜ ಗೆದ್ದರು. ಅಲ್ಲೂ ಜೊತೆಗಿದ್ದದ್ದು ಶೇತಕರಿ ಕಾಮಗಾರ ಪಕ್ಷ. ಅದೇ ಪದ್ಧತಿಯಲ್ಲಿ ಬಾಬಾಸಾಹೇಬರೇ ಮುಂಬೈ ಉತ್ತರದಲ್ಲಿ ಸೋತರು. ಎರಡು ಓಟು ಇದ್ದ ಮಾತ್ರಕ್ಕೆ ಗೆಲುವು ಬರಲಿಲ್ಲ. ಗೆದ್ದ ಎರಡೂ ಕಡೆ ಕೇರಿಯ ಜೊತೆ ರೈತ-ಕೂಲಿಕಾರರ ಪಕ್ಷ ನಿಂತಿತ್ತು. ಕಾಂಗ್ರೆಸ್ಸಿನ ಆ ಪ್ರವಾಹದಲ್ಲಿ ಫೆಡರೇಷನ್ ಲೋಕಸಭೆಗೆ ಗೆದ್ದದ್ದು ಆ ಎರಡೇ ಸೀಟು.

ಗೆದ್ದ ಮೇಲಿನ ಕಥೆ ಬೇರೆ. 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಗೆದ್ದಾಗ ನಮ್ಮ ಹಾಸ್ಟೆಲ್ಲುಗಳಲ್ಲಿ ನೀಲಿ ಗುಲಾಲು ಹಾರಿತು. ಅವರು ಮಂತ್ರಿಯೂ ಆದರು. 2019ರಲ್ಲಿ ಪಕ್ಷ ಅವರನ್ನು ಹೊರಹಾಕಿತು, 2021ರಲ್ಲಿ ಅವರು ಬಿಜೆಪಿ ಸೇರಿದರು. ಇನ್ನು ದೊಡ್ಡ ಪಕ್ಷದೊಳಗೇ ಬೆಳೆದವರು. ಗುರುಮಠಕಲ್ ಮೀಸಲು ಕ್ಷೇತ್ರವಾಗಿದ್ದಾಗ 1972ರಿಂದ 2004ರವರೆಗೆ ಮಲ್ಲಿಕಾರ್ಜುನ ಖರ್ಗೆಯವರು ಅಲ್ಲಿಂದ ಎಂಟು ಸಲ ಗೆದ್ದರು. 2022ರಲ್ಲಿ ಆ ಪಕ್ಷದ ಅಖಿಲ ಭಾರತ ಅಧ್ಯಕ್ಷರಾದರು. ಇದು ಸಣ್ಣ ಮಾತಲ್ಲ, ನನಗೂ ಹೆಮ್ಮೆ ಇದೆ. 371(ಜೆ) ಕಲಮಿನ ಮೀಸಲಾತಿಯಿಂದ ನನ್ನ ಸಂಗಡಿಗರು ನೌಕರಿ ಹತ್ತಿದ್ದಾರೆ. ಆದರೆ 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ಇಡೀ ಕರ್ನಾಟಕದ ಕೊನೆಯ ಜಿಲ್ಲೆ ಯಾದಗಿರಿ, ಶೇಕಡ 51.83. ಒಬ್ಬರು ಮೇಲೆ ಹೋಗುವುದು ಬೇರೆ, ಕೇರಿ ಮೇಲೇಳುವುದು ಬೇರೆ.

ಹಾಗಾದರೆ ದಾರಿ ಇಲ್ಲವೇ? ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಆ ವರ್ಷ ಲಾಕ್‌ಡೌನಿನಲ್ಲಿ ಗುಳೆ ಹೋದವರೆಲ್ಲ ಊರಿಗೆ ಬಂದಿದ್ದರು. ಮೇಲಿನ ಓಣಿ, ಕೆಳಗಿನ ಓಣಿ ಎರಡರ ಹೆಂಗಸರೂ ಉದ್ಯೋಗ ಖಾತ್ರಿ ಕೆಲಸಕ್ಕೆ ಪಂಚಾಯಿತಿ ಮುಂದೆ ಒಟ್ಟಿಗೆ ಕೂತರು. ಮೂರು ದಿನ ಕೂತ ಮೇಲೆ ಕೆರೆ ಹೂಳೆತ್ತುವ ಕೆಲಸ ಸಿಕ್ಕಿತು. ಕೂಲಿ ನೇರ ಬ್ಯಾಂಕಿಗೆ ಬಂತು. ವಾಡೆಯ ಕಟ್ಟೆ ಹತ್ತದೆ ಬಂದ ಮೊದಲ ರೊಕ್ಕ ಅದು. ಆ ಹೆಂಗಸರಲ್ಲೇ ಒಬ್ಬಾಕೆ ಚುನಾವಣೆಗೆ ನಿಂತಳು. ಸೀಟು ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಗಿತ್ತು. ಪ್ರತಿ ಸಲ ಆ ಸೀಟಿಗೆ ವಾಡೆಗೊಬ್ಬಳಂತೆ ಇಬ್ಬರು ನಿಲ್ಲುತ್ತಿದ್ದರು. ಈ ಸಲ ಆ ಇಬ್ಬರಲ್ಲಿ ಒಬ್ಬಳು ನಾಮಪತ್ರ ವಾಪಸ್ ತೆಗೆದುಕೊಂಡಳು. ಅಜ್ಜನ ಕಾಲದಿಂದ ಒಬ್ಬರ ಮುಖ ಒಬ್ಬರು ನೋಡದ ವಾಡೆಯವರು ಒಂದೇ ಟಂಟಂನಲ್ಲಿ ಕೇರಿಗೆ ಬಂದು ಒಬ್ಬಳಿಗೇ ಓಟು ಕೇಳಿದರು!

ಅಂದು ನನಗೆ ರಾಜ್ಯಶಾಸ್ತ್ರ ತಿಳಿಯಿತು. ಎರಡು ಪಕ್ಷ ಅಂತ ನಾವು ಕರೆಯುವುದು ಒಂದೇ ಗಾಡಿಯ ಎರಡು ಗಾಲಿ. ಗಾಡಿ ಹತ್ತಿದವರು ಅವರೇ, ಎಳೆಯುವವರು ನಾವೇ. ಬಂಗಾರಪ್ಪನವರ ಪಕ್ಷ ಬಂದಾಗ, ಕನ್ನಡ ನಾಡು ಪಕ್ಷ ಬಂದಾಗ, ಕೆಜೆಪಿ ಬಂದಾಗ ಆ ಎರಡು ವಾಡೆ ಒಂದಾಗಲಿಲ್ಲ. ಒಂದಾಗುವ ಅಗತ್ಯ ಅವರಿಗೆ ಬೀಳಲಿಲ್ಲ. ಬ್ಯಾಂಕ್ ಪಾಸ್‌ಬುಕ್ ಹಿಡಿದ ಒಬ್ಬ ಕೂಲಿ ಹೆಂಗಸು ನಿಂತಾಗ ಒಂದಾದರು. ನಿಜವಾದ ಮೂರನೆಯದನ್ನು ಗುರುತಿಸಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ: ಯಾವುದು ಬಂದಾಗ ಎರಡು ವಾಡೆಗಳು ಒಂದಾಗುತ್ತವೆಯೋ ಅದೇ ಮೂರನೆಯದು.

ಆಕೆ ಸೋತಳು. ಬಹಳ ಓಟಿನಿಂದಲ್ಲ, ಎರಡು ಮನೆಯ ಓಟಿನಷ್ಟು ಅಂತರದಿಂದ. ಮುಂದಿನ ಹತ್ತಿ ಸುಗ್ಗಿಗೆ ಆಕೆಯನ್ನೂ, ಆಕೆಯ ಸಂಗಡ ತಿರುಗಿದ ನನ್ನ ಅವ್ವನನ್ನೂ ಯಾವ ಹೊಲಕ್ಕೂ ಕರೆಯಲಿಲ್ಲ. ಅವ್ವ ಆರು ಮೈಲಿ ನಡೆದು ಬೇರೆ ಊರಿನ ಹೊಲಕ್ಕೆ ಹೋದಳು. "ಓಟು ಹಾಳಾಯ್ತು ಅನಸ್ತದೇನು?" ಅಂತ ಕೇಳಿದ್ದಕ್ಕೆ, "ಇಷ್ಟು ದಿನ ಹಾಕಿದ್ದು ಹಾಳಾಗಿತ್ತಪಾ, ಇದೊಂದು ಲೆಕ್ಕಕ್ಕ ಬಂತು" ಅಂದಳು.

ಅದಕ್ಕೇ ನಾನು ಹೊಸ ಪಕ್ಷ ಕಟ್ಟಿ ಎನ್ನುವವರ ಮಾತಿಗೆ ಲಗುಬಗೆಯಿಂದ ಚಪ್ಪಾಳೆ ತಟ್ಟುವುದಿಲ್ಲ. ಮೇಲಿಂದ ಇಳಿದ ಮೂರನೇ ಪಕ್ಷ ಮೂರನೇ ವಾಡೆಯನ್ನು ಹುಡುಕುತ್ತದೆ; ಇಲ್ಲವೇ ಎರಡರಲ್ಲಿ ಒಂದನ್ನು ಬಾಡಿಗೆಗೆ ಹಿಡಿಯುತ್ತದೆ. ಕೂಲಿ, ಸಾಲ, ಮನೆ ಈ ಮೂರು ದಾರಗಳು ವಾಡೆಯ ಕೈಯಲ್ಲಿ ಇರುವತನಕ ಮತಪೆಟ್ಟಿಗೆಯಲ್ಲಿ ಎಷ್ಟು ಚಿಹ್ನೆ ಇದ್ದರೇನು? ಮೊದಲು ಆ ದಾರಗಳಿಗೆ ಕೈ ಹಾಕಬೇಕು. ಎರಡು ಓಣಿಯ ಕೂಲಿಕಾರರಿಗೆ ಒಂದು ಸಂಘ ಬೇಕು. ಹೆಂಗಸರ ಸಂಘದ ಸಾಲ ವಾಡೆಯ ಮುಂಗಡವನ್ನು ತಪ್ಪಿಸಬೇಕು. ಗ್ರಾಮಸಭೆಯಲ್ಲಿ ಮನೆಯ ಪಟ್ಟಿಯನ್ನು ಗಟ್ಟಿಯಾಗಿ ಓದಿಸಬೇಕು. ಗುಳೆ ಹೋದವರು ಅಭ್ಯರ್ಥಿಯ ಕ್ರೂಸರ್ ಹತ್ತದೆ ತಾವೇ ಪಟ್ಟಿ ಹಾಕಿ ಬಸ್ಸು ಮಾಡಿಕೊಂಡು ಬರುವಂತಾಗಬೇಕು. ಸಣ್ಣ ಕೆಲಸಗಳು ಇವು. ವೇದಿಕೆ ಇಲ್ಲ, ಹಾರ ಇಲ್ಲ.

ಹಳ್ಳಿ ಶಾಲೆಯ ಮಾಸ್ತರರೇ, ಮತಗಟ್ಟೆಯಲ್ಲಿ ಬೆರಳಿಗೆ ಮಸಿ ಹಚ್ಚುವವರು ನೀವು. ಗ್ರಾಮಸಭೆಯ ನೋಟಿಸು ಓದಲು ಬರದ ನಮ್ಮ ತಾಯಂದಿರಿಗೆ ಅದನ್ನು ಓದಿ ಹೇಳುವವರೂ ನೀವೇ ಆಗಿರಿ. ಹಾಸ್ಟೆಲ್ಲಿನ ತಮ್ಮಂದಿರೇ, ರಜೆಗೆ ಊರಿಗೆ ಹೋದಾಗ ಮೇಲಿನ ಓಣಿಯವನು ಕೆಳಗಿನ ಓಣಿಯಲ್ಲಿ ಉಣ್ಣಿರಿ, ಎರಡು ಜಯಂತಿಯನ್ನು ಒಂದು ಮಾಡಿರಿ. ಆ ವರ್ಷ ಊರಲ್ಲಿ ಯಾರ ಮುಖ ಸಣ್ಣದಾಗುತ್ತದೆ ಗಮನಿಸಿರಿ. ಪಂಚಾಯಿತಿ ಚುನಾವಣೆ ಮತ್ತೆ ಬರುತ್ತದೆ. ಆಕೆ ಮತ್ತೆ ನಿಲ್ಲುತ್ತೇನೆ ಅಂದಿದ್ದಾಳೆ. ನಮಗೆ ಬೇಕಾಗಿರುವುದು ಎರಡು ಮನೆಯ ಓಟು.